ರಾಡ್ ಹಾಕಿದ ಕಾಲಲ್ಲಿ 42 ಕಿಲೋಮೀಟರ್: ನನ್ನ ಹಠ ಎಲ್ಲಿ ಖರ್ಚಾಯಿತು

5 ಗಂಟೆ 12 ನಿಮಿಷ. ನನ್ನ ಮೊದಲ ಫುಲ್ ಮ್ಯಾರಥಾನ್ ಇಷ್ಟು ಹೊತ್ತು ಹಿಡಿಯಿತು. ಓಡುವವರಿಗೆ ಇದು ದೊಡ್ಡ ಟೈಮಿಂಗ್ ಅಲ್ಲ. ಆದರೆ ನನ್ನ ಬಲಗಾಲಿನಲ್ಲಿ, ಮಂಡಿಯಿಂದ ಹಿಮ್ಮಡಿಯ ಹತ್ತಿರದವರೆಗೆ ಮೂಳೆಯೊಳಗೆ ಒಂದು ರಾಡ್ ಇದೆ. ಮೇಲೆ ಎರಡು, ಕೆಳಗೆ ಎರಡು ಸ್ಕ್ರೂ. ಆಪರೇಷನ್ ಆದಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: "ನಡೀರಿ, ಸೈಕಲ್ ಹೊಡೀರಿ. ಓಡೋ ಆಸೆ ಬಿಟ್ಬಿಡಿ." ಮನೆಯವರೂ ಅದನ್ನೇ ಹೇಳಿದರು. ಜೊತೆಗೆ ಓಡುತ್ತಿದ್ದ ಗುಂಪಿನಲ್ಲಿ ಹಿರಿಯರೊಬ್ಬರು, ನಾನು ವಾಕ್-ರನ್ (ಸ್ವಲ್ಪ ಓಡಿ, ಸ್ವಲ್ಪ ನಡೆದು ಹೋಗುವುದು) ಮಾಡೋದು ನೋಡಿ, "ಹೀಗೆ ನಿಂತು ನಿಂತು ಹೋದ್ರೆ ಮ್ಯಾರಥಾನ್ ಈ ಜನ್ಮದಲ್ಲಿ ಆಗಲ್ಲ" ಅಂದಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಓಟದ ಬೇಸಿಕ್ಸ್ ಇಲ್ಲಿ ಹೇಳುವುದಿಲ್ಲ. ಶೂ, ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ), ಲಾಂಗ್ ರನ್ (ತಯಾರಿಯ ಉದ್ದದ ಓಟ) ಎಲ್ಲ ಬೇರೆ ಕಡೆ ಸಿಗುತ್ತದೆ. ನನಗೆ ಹೇಳಬೇಕಾಗಿರುವುದು ಹಠದ ಬಗ್ಗೆ. ನನ್ನಲ್ಲಿ ಹಠ ಮೊದಲಿನಿಂದಲೂ ಬೇಕಾದಷ್ಟಿತ್ತು. ಅದನ್ನು ಎರಡು ವರ್ಷ ತಪ್ಪು ಜಾಗದಲ್ಲಿ ಸುರಿದೆ.

ಮೊದಲ ಸೋಲು ಆಪರೇಷನ್ ಆಗಿ 7 ತಿಂಗಳಿಗೆ. ಊರುಗೋಲು ಬಿಟ್ಟು ಸುಮಾರು ಎರಡೂವರೆ ತಿಂಗಳಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. ಇನ್ನೇನು ಅಂತ 5 ಕಿ.ಮೀ. ಓಡಿಬಿಟ್ಟೆ. ರಾಡ್ ಹಾಕಿಸಿಕೊಂಡವರಿಗೆ ಮಂಡಿಯ ಮುಂದಿನ ಭಾಗದ ಆ ಚುಚ್ಚು ನೋವು ಗೊತ್ತಿರುತ್ತದೆ. ನೆಲಕ್ಕೆ ಮಂಡಿಯೂರಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡರೆ ಗೆದ್ದ ಹಾಗೆ ಅಂದುಕೊಂಡಿದ್ದೆ. ವಾರಕ್ಕೆ 5 ದಿನ, ಹೀಗೇ ಎರಡು ತಿಂಗಳು. ಕೊನೆಗೆ ಕೈಕೊಟ್ಟದ್ದು ಎಡಗಾಲು, ಅಂದರೆ ಚೆನ್ನಾಗಿದ್ದ ಕಾಲು. ಬಲಗಾಲನ್ನು ಕಾಪಾಡಲು ಗೊತ್ತಿಲ್ಲದೆ ಭಾರವೆಲ್ಲ ಎಡಕ್ಕೆ ಹಾಕುತ್ತಿದ್ದೆ. ಪಾದದ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಡುವ ಸಣ್ಣ ಬಿರುಕು. 7 ವಾರ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಮನೆಯಲ್ಲಿ ಕೂತೆ.

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದೆಲ್ಲ ಟೆರ್ರಿ ಫಾಕ್ಸ್ ಬಗ್ಗೆ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಕೆನಡಾದ ಹುಡುಗ. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ಹೆಚ್ಚುಕಡಿಮೆ ದಿನಕ್ಕೊಂದು ಮ್ಯಾರಥಾನ್. ಅವನ ಮೇಲೆ ನನಗಿರುವ ಗೌರವ ಇಂದಿಗೂ ಅಷ್ಟೇ ಇದೆ. ಆದರೆ ನಾನು ಅವನ ಕಥೆಯಿಂದ ತೆಗೆದುಕೊಂಡ ಪಾಠ ತಪ್ಪಾಗಿತ್ತು. ನೋವಾದರೂ ಓಡು ಅನ್ನುವುದನ್ನು ಮಾತ್ರ ಹಿಡಿದುಕೊಂಡೆ. ಆ ಓಟಕ್ಕೆ ಮೊದಲು ಅವನು ಒಂದು ವರ್ಷಕ್ಕೂ ಜಾಸ್ತಿ, ಚೂರುಚೂರೇ ದೂರ ಹೆಚ್ಚಿಸಿಕೊಂಡು ತಯಾರಿ ಮಾಡಿದ್ದ. ಆ ಭಾಗವನ್ನು ನಾನು ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ.

ಎರಡನೆಯ ಸೋಲು ಇನ್ನೂ ದುಬಾರಿ. ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಮಂಡಿ ಆಗಲೇ ಸಣ್ಣಗೆ ಊದಿತ್ತು. ಬೆಳಿಗ್ಗೆ ಒಂದು ನೋವಿನ ಮಾತ್ರೆ, ದಾರಿಯಲ್ಲಿ ಇನ್ನೊಂದು. 21 ಕಿ.ಮೀ. ಮುಗಿಸಿದೆ, ಮೆಡಲ್ ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಮರುದಿನ ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಮೂರು ತಿಂಗಳು ಓಟ ಇಲ್ಲ. ಮಾತ್ರೆ ನುಂಗಿ ದೂರ ಓಡುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ಇವತ್ತೇ ಬಿಡಿ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದಾಗ ಅಂಥ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಹುದು. ನನ್ನದು ಮಂಡಿಯ ಊತದಲ್ಲೇ ಮುಗಿದದ್ದು ಅದೃಷ್ಟ.

ಈಗ ದುಡ್ಡಿನ ಲೆಕ್ಕ. ಆ ಎರಡು ವರ್ಷದಲ್ಲಿ ಸುಮಾರು ಮೂರು ತಿಂಗಳ ಸಂಬಳ ಹೋಯಿತು. ನಾಲ್ಕು ಜೊತೆ ಶೂ. ಅದರಲ್ಲಿ ಒಂದು ಅಡಿಯೊಳಗೆ ಕಾರ್ಬನ್ ಪ್ಲೇಟ್ ಇರುವ ರೇಸಿನ ಶೂ, ಅದನ್ನು ಹಾಕಿ 60 ಕಿ.ಮೀ. ಕೂಡ ಓಡಿಲ್ಲ. ಜಿಪಿಎಸ್ ವಾಚು. ಮಸಾಜ್ ಗನ್. ಆನ್‌ಲೈನ್ ಕೋಚಿಂಗ್‌ಗೆ 6 ತಿಂಗಳ ಮುಂಗಡ. ಆ ಕೋಚ್ ನನ್ನ ಎಕ್ಸ್‌ರೇ ಕೇಳಲೂ ಇಲ್ಲ, ಎಲ್ಲರಿಗೂ ಕಳಿಸುವ ಪಟ್ಟಿಯನ್ನೇ ನನಗೂ ಕಳಿಸಿದರು. ಎರಡು ರೇಸಿನ ಫೀಸು ಕಟ್ಟಿ ಹೋಗಲೇ ಇಲ್ಲ. ಕೊನೆಯ ಎರಡು ವರ್ಷ, ಅಂದರೆ ಗೆದ್ದ ಎರಡು ವರ್ಷ, ಖರ್ಚಾದದ್ದು ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಎರಡು ಜೊತೆ ಸಾದಾ ಶೂ, ಫಿಸಿಯೋ ಹತ್ತಿರ 6 ಸಿಟ್ಟಿಂಗ್, ರೇಸಿನ ಫೀಸು, ಒಂದು ನೋಟ್‌ಬುಕ್.

ಎಲ್ಲ ಬದಲಾದದ್ದು ಆ ಫಿಸಿಯೋ ಕೇಳಿದ ಒಂದು ಪ್ರಶ್ನೆಯಿಂದ. ನನ್ನ ಕಥೆಯನ್ನೆಲ್ಲ ಕೇಳಿ ಅವರು, "ನಿಮಗೆ ಹಠ ಜಾಸ್ತಿ ಅಂತೀರಲ್ಲ, ಚೆನ್ನಾಗಿ ಓಡ್ತಿರುವಾಗ ನಿಲ್ಲಿಸೋಕೆ ಆಗುತ್ತಾ?" ಅಂದರು. ನಾನು ಸುಮ್ಮನಾದೆ. ಯಾಕೆಂದರೆ ಒಂದು ದಿನವೂ ಹಾಗೆ ನಿಲ್ಲಿಸಿರಲಿಲ್ಲ. ನನ್ನ ಎರಡೂ ಗಾಯಗಳು ಮೈ ಹಗುರವಾಗಿದ್ದ ವಾರಗಳಲ್ಲೇ ಶುರುವಾಗಿದ್ದವು.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದೆ. ನಾಳೆ ಏನು ಮಾಡಬೇಕು ಅಂತ ಒಂದು ಸಾಲು ಬರೆದೆ: "1 ನಿಮಿಷ ಓಟ, 4 ನಿಮಿಷ ನಡಿಗೆ, 6 ಸಲ." ಅದರ ಕೆಳಗೆ ಇನ್ನೊಂದು ಸಾಲು: "ನೋವು 3 ದಾಟಿದರೆ ಅಲ್ಲಿಂದಲೇ ನಡೆದು ವಾಪಸ್." 10ಕ್ಕೆ 3. ಪದ್ಧತಿ ಇಷ್ಟೇ. ರಾತ್ರಿ ಬರೆದದ್ದಕ್ಕಿಂತ ಒಂದು ನಿಮಿಷ ಕಡಿಮೆ ಇಲ್ಲ, ಒಂದು ನಿಮಿಷ ಜಾಸ್ತಿಯೂ ಇಲ್ಲ. ಬೆಳಿಗ್ಗೆ ರಸ್ತೆಯಲ್ಲಿ ನಿಂತು ಯಾವ ತೀರ್ಮಾನವನ್ನೂ ಮಾಡುವ ಹಾಗಿಲ್ಲ.

ಕೇಳಲು ಸುಲಭ. ಮಾಡಲು ನನಗೆ ನೋವಿಗಿಂತ ಕಷ್ಟವಾಯಿತು. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೆನಪಿದೆ. ತಂಪು ಗಾಳಿ, ಕಾಲು ಹಾರುತ್ತಿತ್ತು, ಮಂಡಿ ಇದೆಯೋ ಇಲ್ಲವೋ ಅನ್ನುವಷ್ಟು ಆರಾಮ. ಗುಂಪಿನವರು "ಬಾ, ಇನ್ನೊಂದು ರೌಂಡ್" ಅಂತ ಕರೆದರು. ಪುಸ್ತಕದಲ್ಲಿ ಬರೆದದ್ದು 8 ಸಲ, 8 ಆಗಿತ್ತು. ನಿಂತೆ. ನಡೆದು ಮನೆಗೆ ಬಂದೆ. ಯಾರೋ ಹಿಂದಿನಿಂದ ನಕ್ಕರು. ಮುಖ ಬಿಸಿಯಾಯಿತು. ಆಪರೇಷನ್ ಆದ ವಾರ ಪಾದ ಊರಿದಾಗ ಬೇಕಾದಷ್ಟೇ ಗಟ್ಟಿ ಮನಸ್ಸು ಆ 200 ಮೀಟರ್ ನಡಿಗೆಗೂ ಬೇಕಾಯಿತು. ಮರುದಿನ ಕಾಲು ಫ್ರೆಶ್ ಆಗಿತ್ತು. ಒಂದು ವರ್ಷದ ಹಿಂದಾಗಿದ್ದರೆ ಎರಡು ದಿನ ಕುಂಟುತ್ತಿದ್ದೆ.

ಏಳೋಕೇ ಮನಸ್ಸಿಲ್ಲದ ದಿನಗಳಿಗೆ ಬೇರೆ ನಿಯಮ. ಶೂ ಹಾಕಿ ಹೊರಗೆ 10 ನಿಮಿಷ ನಡೆಯಬೇಕು. ಆಮೇಲೂ ಬೇಡ ಅನಿಸಿದರೆ ವಾಪಸ್ ಬರಬಹುದು, ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಎರಡು ವರ್ಷದಲ್ಲಿ ಅಂಥ ದಿನ 40ರ ಆಸುಪಾಸು ಬಂದಿರಬೇಕು. ವಾಪಸ್ ಬಂದದ್ದು 6 ಅಥವಾ 7 ಸಲ. ಆ 6-7ರಲ್ಲಿ ಹೆಚ್ಚಿನವು ನಿಜವಾಗಿ ಜ್ವರ ಬರುವ ಹಿಂದಿನ ದಿನ ಅಂತ ಆಮೇಲೆ ಪುಸ್ತಕ ನೋಡಿದಾಗ ಗೊತ್ತಾಯಿತು. ಸೋಮಾರಿತನ 10 ನಿಮಿಷದಲ್ಲಿ ಕರಗುತ್ತದೆ. ನೋವಿನ ವಿಷಯ ಹಾಗಲ್ಲ. ಕೆಲವು ನೋವು ಮೈ ಬಿಸಿಯಾದಾಗ ಮಾಯವಾಗಿ ಮೋಸ ಮಾಡುತ್ತವೆ. ಅದಕ್ಕೆ ನನ್ನ ಪರೀಕ್ಷೆ ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ. ಹತ್ತುವಾಗ ಏನೂ ಗೊತ್ತಾಗಲ್ಲ, ಇಳಿಯುವಾಗ ಮಂಡಿ ಸತ್ಯ ಹೇಳುತ್ತದೆ. ಅಲ್ಲಿ ಚುಚ್ಚಿದರೆ ಅವತ್ತಿನ ಸಾಲು ಹೊಡೆದುಹಾಕಿ ಹಿಂದಿನ ವಾರದ ಸಾಲು ಬರೆಯುತ್ತಿದ್ದೆ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮನಸ್ಸನ್ನು ಗಟ್ಟಿ ಮಾಡುತ್ತದೆ ಅಂತ 40 ದಿನ ತಣ್ಣೀರು ಸ್ನಾನ. ತಣ್ಣೀರಿಗೆ ಒಗ್ಗಿಕೊಂಡೆ, ಓಟಕ್ಕೆ ಒಂದಿಷ್ಟೂ ಉಪಯೋಗ ಕಾಣಲಿಲ್ಲ. ಒಂದು ಕಡೆ ಬೆಳೆಸಿದ ಸಂಯಮ ಇನ್ನೊಂದು ಕಡೆಗೆ ತಾನಾಗಿ ಹರಿದು ಬರುತ್ತದೆ ಅನ್ನೋದು ನನ್ನ ವಿಷಯದಲ್ಲಂತೂ ಸುಳ್ಳಾಯಿತು. ಮನೋಬಲ ಬಳಸಿದಷ್ಟೂ ಬ್ಯಾಟರಿ ತರ ಖಾಲಿಯಾಗುತ್ತದೆ ಅನ್ನುವ ಮಾತನ್ನೂ ನಂಬಿ, ಆಫೀಸಿನಲ್ಲಿ ಕಷ್ಟದ ದಿನ ಇದ್ದರೆ ಓಟ ಬಿಡುತ್ತಿದ್ದೆ. ಆ ಮಾತು 1998ರ ಒಂದು ಹೆಸರಾಂತ ಪ್ರಯೋಗದಿಂದ ಬಂದದ್ದು. ಚಾಕೊಲೇಟ್ ಬಿಸ್ಕತ್ತು ಎದುರಿಗಿಟ್ಟು ಮೂಲಂಗಿ ತಿನ್ನಿಸಿದವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು ಅಂತ. 2016ರಲ್ಲಿ 23 ಲ್ಯಾಬ್‌ಗಳು ಸೇರಿ ಎರಡು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಈ ಬ್ಯಾಟರಿ ಮಾತನ್ನೇ ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ. ಅದನ್ನು ಓದಿದ ವಾರದಿಂದ ಆಫೀಸಿನ ನೆಪ ಬಿಟ್ಟೆ. ಎಷ್ಟೋ ಒಳ್ಳೆಯ ಓಟಗಳು ಅಂಥ ಕೆಟ್ಟ ದಿನಗಳ ಸಂಜೆಯೇ ಆದವು.

ಎಲ್ಲಕ್ಕಿಂತ ಅಪಾಯಕಾರಿ ಪ್ರಯೋಗ ದುಡ್ಡಿನದು. ಅರ್ಧ ತಿಂಗಳ ಸಂಬಳವನ್ನು ಅಕ್ಕನ ಕೈಗೆ ಕೊಟ್ಟು, "ಒಂದು ದಿನ ತಪ್ಪಿದರೆ ಹತ್ತರಲ್ಲೊಂದು ಪಾಲು ಯಾರಿಗಾದರೂ ಕೊಟ್ಟುಬಿಡು" ಅಂದೆ. 5 ವಾರ ಒಂದು ದಿನವೂ ತಪ್ಪಲಿಲ್ಲ. ಆರನೇ ವಾರ ಜ್ವರದಲ್ಲಿ ಓಡಿದೆ. ಮಂಡಿ ನೋವನ್ನು ಅಕ್ಕನಿಂದ ಮುಚ್ಚಿಟ್ಟೆ. ಅವಳಿಗೆ ಹೇಗೋ ಗೊತ್ತಾಗಿ ದುಡ್ಡೆಲ್ಲ ವಾಪಸ್ ತಂದು ಮೇಜಿನ ಮೇಲಿಟ್ಟಳು. "ನಿನ್ನ ಕಾಲು ಮಾರೋಕೆ ನಾನಿಲ್ಲ" ಅಂದಳು. ಪಂದ್ಯ ಕಟ್ಟಿಕೊಂಡು ಅಭ್ಯಾಸ ಮಾಡುವವರಿಗೆ ನನ್ನ ಸಲಹೆ: ಮೈ ಸರಿಯಿದ್ದವರು ಮಾಡಿ. ಗಾಯದಿಂದ ಎದ್ದು ಬರುತ್ತಿರುವವರು ಬೇಡ.

ಲೆಕ್ಕ ಹೀಗಿತ್ತು. 1 ನಿಮಿಷ ಓಟ, 4 ನಿಮಿಷ ನಡಿಗೆಯಿಂದ 2 ನಿಮಿಷ ಓಟ, 3 ನಿಮಿಷ ನಡಿಗೆಗೆ ಬರಲು ಎರಡೂವರೆ ತಿಂಗಳು. 4 ನಿಮಿಷ ಓಟ, 1 ನಿಮಿಷ ನಡಿಗೆಗೆ ಬರುವಷ್ಟರಲ್ಲಿ 9 ತಿಂಗಳು. ಅಲ್ಲೇ ನಿಲ್ಲಿಸಿದೆ, ಪೂರ್ತಿ ಓಟಕ್ಕೆ ಹೋಗಲೇ ಇಲ್ಲ. ವಾರಕ್ಕೆ 3 ಓಟ, 2 ದಿನ ಕಾಲಿನ ಕಸರತ್ತು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು ಶುರುವಿಗೆ ಬಲಗಾಲಲ್ಲಿ 4, ಎಡಗಾಲಲ್ಲಿ 22 ಆಗುತ್ತಿತ್ತು. ಎರಡೂ 25 ಆಗುವವರೆಗೆ 10 ಕಿ.ಮೀ. ದಾಟುವುದಿಲ್ಲ ಅಂತ ಬರೆದುಕೊಂಡಿದ್ದೆ. ಆ 4ರಿಂದ 25ಕ್ಕೆ ಸುಮಾರು 8 ತಿಂಗಳು ಹಿಡಿಯಿತು. ಈ ಭಾಗಕ್ಕೆ ಯಾರೂ ಮೆಡಲ್ ಕೊಡಲ್ಲ, ಆದರೆ ನನಗೆ ಅತಿ ಹೆಮ್ಮೆ ಇರುವುದು ಇದರ ಮೇಲೆಯೇ. ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 3 ಚಿನ್ನ ಗೆದ್ದಳು. ಪೋಲಿಯೋ ಆದ ಅವಳ ಕಾಲನ್ನು ಮನೆಯವರು ವರ್ಷಗಟ್ಟಲೆ, ದಿನಕ್ಕೆ 4 ಸಲ ತಿಕ್ಕುತ್ತಿದ್ದರಂತೆ. ಹಿಮ್ಮಡಿ ಎತ್ತಿ ಎತ್ತಿ ಬೇಸರವಾದಾಗ ನಾನು ಆ ಕೈಗಳನ್ನು ನೆನೆಸಿಕೊಳ್ಳುತ್ತಿದ್ದೆ.

ಅತಿ ಉದ್ದದ ಓಟ 32 ಕಿ.ಮೀ., ಒಂದೇ ಸಲ. 28-29 ಮೂರು ಸಲ.

ರೇಸಿನ ದಿನದ ಸಾಲು: "4-1, ಮೊದಲ ನಿಮಿಷದಿಂದ ಕೊನೆಯವರೆಗೆ." ಮೊದಲ 10 ಕಿ.ಮೀ.ಯಲ್ಲೇ 4 ನಿಮಿಷಕ್ಕೊಮ್ಮೆ ನಡೆಯುವಾಗ ನೂರಾರು ಜನ ದಾಟಿ ಹೋದರು. ಒಬ್ಬರು ಬೆನ್ನು ತಟ್ಟಿ "ಸುಸ್ತಾಯ್ತಾ? ಬನ್ನಿ ಬನ್ನಿ" ಅಂದರು. ಹಾಫ್ ಪಾಯಿಂಟ್ 2 ಗಂಟೆ 33 ನಿಮಿಷಕ್ಕೆ ಬಂತು. 30 ಕಿ.ಮೀ. ದಾಟಿದ ಮೇಲೆ ಮೈಯಲ್ಲಿದ್ದ ಇಂಧನ ಮುಗಿಯುತ್ತಾ ಬರುತ್ತದೆ, ತಲೆ ನೂರು ಕಾರಣ ಹೇಳುತ್ತದೆ. 34ರ ಹತ್ತಿರ ನನಗೂ ಬಂತು. ಆಗ ನಾನು ಮನಸ್ಸಿಗೆ ಹೇಳಿಕೊಳ್ಳುವ ಒಂದು ಮಾತಿದೆ. ಎರಡು ವರ್ಷ, ಪ್ರತಿ ಲಾಂಗ್ ರನ್ನಿನ ಕೊನೆಯ ಎರಡು ಕಿ.ಮೀ.ಗೆ ಮಾತ್ರ ಅದನ್ನು ಬಳಸಿ ಬಳಸಿ ಹದ ಮಾಡಿಟ್ಟುಕೊಂಡಿದ್ದೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ರೇಸಿಗೆ ನನಗೆ ಬೇಕು. ನಡೆಯುವ 1 ನಿಮಿಷದಲ್ಲಿ ಉಸಿರನ್ನು ಹೇಗೆ ಎಣಿಸುತ್ತೇನೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡನೇ ಅರ್ಧ 2 ಗಂಟೆ 39 ನಿಮಿಷ. ಮೊದಲರ್ಧಕ್ಕಿಂತ 6 ನಿಮಿಷ ಮಾತ್ರ ಜಾಸ್ತಿ. ಕೊನೆಯ 8 ಕಿ.ಮೀ.ಯಲ್ಲಿ ನನ್ನನ್ನು ದಾಟಿದವರು ಇಬ್ಬರೋ ಮೂವರೋ. ನಾನು ದಾಟಿದವರನ್ನು ಎಣಿಸಲು ಶುರು ಮಾಡಿ 70ರ ಹತ್ತಿರ ಲೆಕ್ಕ ತಪ್ಪಿತು. ಬೆನ್ನು ತಟ್ಟಿದವರು 38ರಲ್ಲಿ ರಸ್ತೆ ಬದಿ ಮೀನಖಂಡ ಹಿಡಿದುಕೊಂಡು ಕೂತಿದ್ದರು. ನಿಂತು ಅವರಿಗೆ ನೀರು ಕೊಟ್ಟೆ, ನನ್ನ 1 ನಿಮಿಷ ಮುಗಿಯಿತು, ಹೊರಟೆ.

ಮುಂದಿನ ವಾರ ಎಕ್ಸ್‌ರೇ ತೆಗೆಸಿಕೊಂಡು ಅದೇ ಡಾಕ್ಟರ ಹತ್ತಿರ ಹೋದೆ. ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಮೂಳೆ ಚೆನ್ನಾಗಿದೆ, ಸ್ಕ್ರೂ ಅಲ್ಲಾಡಿಲ್ಲ ಅಂದರು. ಆಮೇಲೆ ನೋಟ್‌ಬುಕ್ ಕೇಳಿ ಇಸ್ಕೊಂಡು ಹಾಳೆ ತಿರುವಿದರು. "ಇದರ ಫೋಟೋ ತಗೊಳ್ಳಲಾ? ಬೇರೆ ಪೇಷಂಟ್‌ಗಳಿಗೆ ತೋರಿಸ್ತೀನಿ" ಅಂತ ಕೇಳಿದರು. ಮೊದಲ ಮೂರು ತಿಂಗಳ ಪುಟಗಳನ್ನು ನಾನೇ ತೆರೆದು ಕೊಟ್ಟೆ.