ಇಡಿ, ಅರ್ಧ, ಒಂಬತ್ತು

ಬಿ.ಕಾಂ. ಎರಡನೆಯ ವರ್ಷದಲ್ಲಿ ನನ್ನ ಹೋಮ್‌ವರ್ಕ್ ಪುಸ್ತಕದಲ್ಲಿ ಹಾಳೆಗಳಿಗಿಂತ ಹರಿದ ಅಂಚುಗಳೇ ಹೆಚ್ಚಾಗಿದ್ದವು. ತಾಳೆಪಟ್ಟಿ ಎಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳನ್ನು ಎರಡು ಬದಿಗೆ ಬರೆದು ಮೊತ್ತ ಸಮವೇ ಎಂದು ನೋಡುವ ಪಟ್ಟಿ. ಅದರ ಎರಡು ಬದಿ ಕೂಡಿಬರಲಿಲ್ಲವೆಂದರೆ ಹಾಳೆಯನ್ನು ಕಿತ್ತು ಉಂಡೆ ಮಾಡಿ, ಮತ್ತೆ ಮೊದಲ ಸಾಲಿನಿಂದ ಬರೆಯುತ್ತಿದ್ದೆ. ಎರಡನೆಯ ಸಲ ಹೊಸ ತಪ್ಪು ಬರುತ್ತಿತ್ತು. ಮೂರನೆಯ ಸಲಕ್ಕೆ ಗೆಳೆಯನ ಪುಸ್ತಕ ತರಿಸುತ್ತಿದ್ದೆ.

ಆಗ ಸಂಜೆಯ ಹೊತ್ತು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಹಳೆಯ ಗುಮಾಸ್ತರಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಆದರೆ ದಿನದಿನದ ವ್ಯವಹಾರ ಬರೆಯುವ ಕಿರ್ದಿ, ಅದನ್ನು ಖಾತೆಗಳಿಗೆ ಹಂಚುವ ಖತಾವಣಿ ಎರಡೂ ಅವರ ಬೆರಳ ತುದಿಯಲ್ಲಿದ್ದವು. ಒಂದು ದಿನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ನಾನು ಹೋಮ್‌ವರ್ಕ್ ಬಿಡಿಸುತ್ತ ಕುಳಿತಿದ್ದೆ. ಹಾಳೆ ಹರಿದ ಸದ್ದಿಗೆ ಅವರು ತಲೆ ಎತ್ತಿದರು.

“ಎಷ್ಟು ವ್ಯತ್ಯಾಸ ಬಂತು, ತಮ್ಮಾ?”

“540. ಡೆಬಿಟ್ ಬದಿಯಲ್ಲಿ ಕಡಿಮೆ.”

“ಕಳ್ಳ ಹೆಜ್ಜೆಗುರುತು ಬಿಟ್ಟು ಹೋಗಿದ್ದ. ನೀನು ಅಂಗಳ ಗುಡಿಸಿಬಿಟ್ಟೆಯಲ್ಲ” ಎಂದರು.

ಉಂಡೆಯನ್ನು ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಸವರಿ ಹರಡಿದರು. “ಮೊದಲು ಇಡಿ, ಆಮೇಲೆ ಅರ್ಧ, ಕೊನೆಗೆ ಒಂಬತ್ತು” ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು. ಇಡಿ ಎಂದರೆ, 540 ರೂಪಾಯಿಯ ಬಾಬತ್ತು ಯಾವುದಾದರೂ ಕಿರ್ದಿಯಲ್ಲಿದ್ದು ಖಾತೆಗೆ ಹೋಗದೆ ಉಳಿದಿದೆಯೇ ಎಂದು ನೋಡುವುದು. ಉಳಿದಿರಲಿಲ್ಲ. ಅರ್ಧ ಎಂದರೆ 270. ಡೆಬಿಟ್ ಬದಿಗೆ ಬರೆಯಬೇಕಾದ ಮೊತ್ತವನ್ನು ಕ್ರೆಡಿಟ್ ಬದಿಗೆ ಬರೆದರೆ ಒಂದು ಕಡೆ ಅಷ್ಟು ಕಡಿಮೆಯಾಗಿ ಇನ್ನೊಂದು ಕಡೆ ಅಷ್ಟೇ ಹೆಚ್ಚಾಗುತ್ತದೆ, ವ್ಯತ್ಯಾಸ ಇಮ್ಮಡಿಯಾಗುತ್ತದೆ. 270 ಕೂಡ ಎಲ್ಲಿಯೂ ಇರಲಿಲ್ಲ. ಉಳಿದದ್ದು ಒಂಬತ್ತು. 540ನ್ನು 9ರಿಂದ ಭಾಗಿಸಿದರೆ 60, ಶೇಷವಿಲ್ಲ. “ಎರಡು ಅಂಕಿ ಅದಲುಬದಲಾಗಿವೆ. ನೂರರ ಮನೆ, ಹತ್ತರ ಮನೆ ನೋಡು. ಆ ಎರಡು ಅಂಕಿಗಳ ನಡುವೆ ಆರರ ಅಂತರ ಇರಬೇಕು” ಎಂದರು. ಕೂಲಿ ಖಾತೆಯಲ್ಲಿ 2,820 ಇರಬೇಕಾದಲ್ಲಿ ನಾನು 2,280 ಬರೆದಿದ್ದೆ. ಎಂಟಕ್ಕೂ ಎರಡಕ್ಕೂ ಆರರ ಅಂತರ.

ಅವರಿಗೆ ಅದರ ಕಾರಣ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನೆಗೆ ಹೋಗಿ ನಾನೇ ಬಿಡಿಸಿ ನೋಡಿದೆ. ಹತ್ತರ ಮನೆಯಲ್ಲಿ ಒಂದು ಅಂಕಿ, ಬಿಡಿ ಮನೆಯಲ್ಲಿ ಇನ್ನೊಂದು ಅಂಕಿ ಇದ್ದು ಅವು ಸ್ಥಾನ ಬದಲಿಸಿದರೆ ಮೊದಲನೆಯದು ತನ್ನ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ, ಎರಡನೆಯದು ತನ್ನ ಒಂಬತ್ತು ಪಟ್ಟು ಗಳಿಸುತ್ತದೆ. ಹಾಗಾಗಿ ವ್ಯತ್ಯಾಸ ಯಾವಾಗಲೂ ಆ ಎರಡು ಅಂಕಿಗಳ ಅಂತರದ ಒಂಬತ್ತರಷ್ಟು. ಸೊನ್ನೆ ಬಿಟ್ಟುಹೋದರೂ ಹೀಗೆಯೇ: 400 ಇದ್ದದ್ದು 40 ಆದರೆ ವ್ಯತ್ಯಾಸ 360, ಅದೂ ಒಂಬತ್ತರ ಮಗ್ಗಿಯದೇ.

ಅಂದಿನಿಂದ ಹಾಳೆ ಹರಿಯುವುದನ್ನು ಬಿಟ್ಟೆ. ಉತ್ತರ ತಪ್ಪಾದರೆ ಎಷ್ಟು ತಪ್ಪಾಗಿದೆ ಎಂದು ಮೊದಲು ಪಕ್ಕದಲ್ಲಿ ಬರೆಯುತ್ತಿದ್ದೆ. ತಾಳೆಪಟ್ಟಿಯಲ್ಲಿ ಕಳೆಯುವ ಲೆಕ್ಕ, ಬೇರೆ ವಿಷಯಗಳಲ್ಲಿ ಭಾಗಿಸುವ ಲೆಕ್ಕ. ನನ್ನ ಉತ್ತರವನ್ನೂ ಪುಸ್ತಕದ ಉತ್ತರವನ್ನೂ ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಬರುವ ಸಂಖ್ಯೆ ಎಷ್ಟೋ ಸಲ ತಪ್ಪಿನ ಜಾತಕವನ್ನೇ ಹೇಳಿಬಿಡುತ್ತದೆ. ಯಂತ್ರ ಸವೆದಂತೆ ಅದರ ಬೆಲೆಯಿಂದ ಕಳೆಯುವ ಸವಕಳಿಯ ಮೊತ್ತ ಸರಿಯಾಗಿ ಎರಡರಷ್ಟು ಬಂದರೆ, ಯಂತ್ರ ಕೊಂಡದ್ದು ಅಕ್ಟೋಬರ್ 1ಕ್ಕೆ, ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಆರು ತಿಂಗಳಿಗೆ ಮಾತ್ರ ಸವಕಳಿ ಹಾಕಬೇಕಿತ್ತು ಎಂದು ಪ್ರಶ್ನೆಯನ್ನು ಮತ್ತೆ ಓದುವ ಮೊದಲೇ ಗೊತ್ತಾಗುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಇದು ಮೊದಲು ಕೈಹಿಡಿದದ್ದು ಮಾನಕ ವಿಚಲನೆಯಲ್ಲಿ, ಎಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯಲ್ಲಿ. ಐದು ಹಸುಗಳ ಹಾಲಿನ ಲೆಕ್ಕ: 4, 6, 7, 8, 10 ಲೀಟರ್. ಸರಾಸರಿ 7. ವಿಚಲನೆಗಳು −3, −1, 0, 1, 3. ಅವುಗಳ ವರ್ಗಗಳ ಮೊತ್ತ 20. ಐದರಿಂದ ಭಾಗಿಸಿ ವರ್ಗಮೂಲ ತೆಗೆದರೆ 2. ಇಷ್ಟು ಚೆಂದದ ಉತ್ತರ ತಪ್ಪಾಗಲು ಸಾಧ್ಯವೇ ಎಂದುಕೊಂಡಿದ್ದೆ. ಪುಸ್ತಕದಲ್ಲಿ 2.24 ಇತ್ತು. ಎರಡನ್ನೂ ವರ್ಗ ಮಾಡಿದಾಗ ನನ್ನದು 4, ಅವರದು ಹೆಚ್ಚುಕಡಿಮೆ 5. ಐದಕ್ಕೆ ನಾಲ್ಕು! ಅವರು ಐದರ ಬದಲು ನಾಲ್ಕರಿಂದ ಭಾಗಿಸಿದ್ದರು. ಪ್ರಶ್ನೆಯನ್ನು ನೋಡಿದರೆ ‘ಒಂದು ಹಿಂಡಿನಿಂದ ಆಯ್ದ ಐದು ಹಸುಗಳು’ ಎಂದಿತ್ತು. ‘ಆಯ್ದ’ ಎಂಬ ಆ ಪದವನ್ನು ನಾನು ಹಾರಿ ದಾಟಿದ್ದೆ. ಇಡೀ ಹಿಂಡಿನ ಬದಲು ಅದರಿಂದ ಆಯ್ದ ಮಾದರಿಯಾದರೆ ಎಣಿಕೆಯಲ್ಲಿ ಒಂದು ಕಡಿಮೆ ಮಾಡಿ ಭಾಗಿಸಬೇಕು.

ಒಂದು ಕಡಿಮೆ ಮಾಡುವುದು ಏಕೆ ಎಂಬುದಕ್ಕೆ ತರಗತಿಯಲ್ಲಿ ‘ಸೂತ್ರ ಹಾಗಿದೆ’ ಎಂಬ ಉತ್ತರ ಸಿಕ್ಕಿತ್ತು. ಆದರೆ ಮೇಲಿನ ಐದು ವಿಚಲನೆಗಳನ್ನೇ ಒಮ್ಮೆ ನೋಡಿ. ಅವುಗಳ ಮೊತ್ತ ಸೊನ್ನೆಯಾಗಲೇಬೇಕು, ಸರಾಸರಿಯ ಗುಣವೇ ಅದು. ಹಾಗಾಗಿ −3, −1, 0, 1 ಎಂದು ನಾಲ್ಕನ್ನು ಹೇಳಿದ ಮೇಲೆ ಐದನೆಯದು 3 ಎಂದು ತಾನಾಗಿ ಗೊತ್ತಾಗುತ್ತದೆ. ಹೊಸದಾಗಿ ಏನಾದರೂ ಹೇಳುವ ಸ್ವಾತಂತ್ರ್ಯ ಇರುವುದು ನಾಲ್ಕಕ್ಕೆ ಮಾತ್ರ. ನೂರು ಹಸುಗಳಿದ್ದರೆ 100 ಮತ್ತು 99ರ ನಡುವೆ ಯಾರೂ ಜಗಳವಾಡುವುದಿಲ್ಲ, ಐದೇ ಇದ್ದಾಗ ಜಗಳ ದೊಡ್ಡದು. ಸಣ್ಣ ಮಾದರಿಗಳ ಈ ತಲೆನೋವನ್ನೇ ಹಚ್ಚಿಕೊಂಡು ಕುಳಿತ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದ, ಸಣ್ಣ ಮಾದರಿಯ ಸರಾಸರಿಯನ್ನು ಒರೆಗೆ ಹಚ್ಚಲು ನಾವು ಇಂದಿಗೂ ಮಾಡುವ ಟಿ-ಪರೀಕ್ಷೆ ಅದರಿಂದ ಬಂದದ್ದು. ಕ್ಯಾಲ್ಕುಲೇಟರಿನಲ್ಲಿ ಮಾನಕ ವಿಚಲನೆಯ ಗುರುತಾದ ಸಿಗ್ಮಾದ ಪಕ್ಕ ‘ಎನ್’ ಒಂದು, ‘ಎನ್−1’ ಒಂದು ಎಂದು ಎರಡು ಆಯ್ಕೆಗಳು ಏಕಿವೆ ಎಂಬುದೂ ನನಗೆ ಅರ್ಥವಾದದ್ದು ಆಗಲೇ. ಅಲ್ಲಿಯವರೆಗೆ ಮೊದಲು ಕಂಡದ್ದನ್ನು ಒತ್ತುತ್ತಿದ್ದೆ.

ಹಣಕಾಸಿನ ಪಾಠದಲ್ಲಿ ನಿವ್ವಳ ಪ್ರಸ್ತುತ ಮೌಲ್ಯದ ಲೆಕ್ಕ, ಎಂದರೆ ಮುಂದೆ ಬರುವ ಹಣದ ಇಂದಿನ ಬೆಲೆಯಿಂದ ಹೂಡಿಕೆಯನ್ನು ಕಳೆಯುವ ಲೆಕ್ಕ, ಬಂದಾಗ ನನ್ನ ಬಳಿ ಕಂಪ್ಯೂಟರ್ ಇತ್ತು, ಅಹಂಕಾರವೂ ಇತ್ತು. ಇಂದು 1,00,000 ರೂಪಾಯಿ ಹೂಡಿದರೆ ಮೂರು ವರ್ಷ, ವರ್ಷಕ್ಕೆ 45,000 ಬರುತ್ತದೆ, ಬಡ್ಡಿ ಶೇ. 12. ಕೈಯಲ್ಲಿ ಮಾಡಿದರೆ, ಒಂದು, ಎರಡು, ಮೂರು ವರ್ಷ ತಡವಾಗಿ ಬರುವ ಒಂದು ರೂಪಾಯಿಗೆ ಇಂದು ಎಷ್ಟು ಬೆಲೆ ಎಂದು ಹೇಳುವ ಕೋಷ್ಟಕದ 0.893, 0.797, 0.712 ಕೂಡಿ 2.402, ಅದನ್ನು 45,000ದಿಂದ ಗುಣಿಸಿದರೆ 1,08,090, ಹೂಡಿಕೆ ಕಳೆದರೆ 8,090. ಎಕ್ಸೆಲ್ ಮಾತ್ರ 7,216 ಎಂದಿತು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ನನ್ನ ಕೈಲೆಕ್ಕವನ್ನೇ ಮೂರು ಸಲ ತಿದ್ದಿದೆ. ಕೊನೆಗೆ ಹಳೆಯ ಅಭ್ಯಾಸದಂತೆ ಭಾಗಿಸಿದೆ: ಒಂದು ಚುಕ್ಕೆ ಒಂದು ಎರಡು, ಅದರ ಮೇಲೆ ಚೂರು. ಶೇ. 12 ಬಡ್ಡಿಯ ಒಂದು ವರ್ಷ! ಎಕ್ಸೆಲ್‌ನ ಆ ಸೂತ್ರ ತನಗೆ ಕೊಟ್ಟ ಮೊದಲ ಮೊತ್ತ ಒಂದು ವರ್ಷ ಕಳೆದ ಮೇಲೆ ಬರುವುದು ಎಂದು ಭಾವಿಸುತ್ತದೆ. ಇಂದೇ ಕೈಬಿಡುವ ಒಂದು ಲಕ್ಷವನ್ನೂ ನಾನು ಅದರೊಳಗೆ ತುರುಕಿದ್ದರಿಂದ ಇಡೀ ಲೆಕ್ಕ ಒಂದು ವರ್ಷ ಹಿಂದೆ ಸರಿದಿತ್ತು. ಹೂಡಿಕೆಯನ್ನು ಸೂತ್ರದ ಹೊರಗಿಟ್ಟು ಕಳೆದಾಗ 8,082 ಬಂತು. 8,090ಕ್ಕೂ ಇದಕ್ಕೂ ಇರುವ ಎಂಟು ರೂಪಾಯಿ ಕೋಷ್ಟಕ ಮೂರೇ ದಶಮಾಂಶಕ್ಕೆ ನಿಂತದ್ದರ ಬೆಲೆ. ಅದಕ್ಕೆ ನಿದ್ದೆಗೆಡಬೇಕಾಗಿಲ್ಲ.

ರಸಾಯನಶಾಸ್ತ್ರ ನನ್ನ ವಿಷಯವಲ್ಲ. ತಂಗಿಯದು. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಅವಳು ರೆಕಾರ್ಡ್ ಪುಸ್ತಕವನ್ನು ನನ್ನ ಮುಂದೆ ಎಸೆದು, “ಅಣ್ಣ, ನಿನ್ನ ಒಂಬತ್ತರ ಮಂತ್ರ ಇದಕ್ಕೆ ನಡೆಯುತ್ತದೆಯೇ ನೋಡು” ಎಂದಳು. ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವ ಪ್ರಯೋಗ. ಮೊದಲು ಅವಳಿಂದ ಕಥೆ ಕೇಳಿದೆ, ಏಕೆಂದರೆ ಏನು ನಡೆಯಿತು ಎಂದು ತಿಳಿಯದೆ ಸಂಖ್ಯೆಯನ್ನು ಮುಟ್ಟಬಾರದು ಎಂಬಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಪಿಪೆಟ್‌ನಲ್ಲಿ 10 ಮಿ.ಲೀ. ಆಮ್ಲ, ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ, ಬ್ಯುರೆಟ್‌ನಿಂದ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಮೊದಲ ಹನಿಯ ಬಣ್ಣ ಹೋಗಲು ತಡವಾಗುತ್ತದೆ. ಆಮೇಲಿನ ಹನಿಗಳು ಬಿದ್ದ ಕೂಡಲೇ ಮಾಯ, ಏಕೆಂದರೆ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಕೊನೆಯ ಹನಿಯ ತಿಳಿಗುಲಾಬಿ ಉಳಿದುಕೊಂಡರೆ ಮುಗಿಯಿತು. ದ್ರಾವಣ ಕಪ್ಪಗಿರುವುದರಿಂದ ಬ್ಯುರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು. ಅವಳ ಓದು 9.8 ಮಿ.ಲೀ., ಗೆಳತಿಯರದೂ ಅಷ್ಟೇ. ಪ್ರಯೋಗದಲ್ಲಿ ತಪ್ಪಿರಲಿಲ್ಲ.

ಆಮ್ಲ 0.05 ಮೋಲಾರ್, ಎಂದರೆ ಲೀಟರಿಗೆ 0.05 ಮೋಲ್. ಪರ್ಮಾಂಗನೇಟಿನ ಮೋಲಾರಿಟಿ ಕಂಡುಹಿಡಿಯಲು ಅವಳು 0.05ನ್ನು 10ರಿಂದ ಗುಣಿಸಿ 9.8ರಿಂದ ಭಾಗಿಸಿ 0.051 ಬರೆದಿದ್ದಳು. ಬರಬೇಕಾದದ್ದು 0.0204. ಭಾಗಿಸಿದೆ: ಎರಡೂವರೆ. ಇದರಲ್ಲಿ ಒಂಬತ್ತು ಇಲ್ಲ, ಬಡ್ಡಿಯೂ ಇಲ್ಲ. “ಈ ಕ್ರಿಯೆಯಲ್ಲಿ ಎರಡೂವರೆ ಎಲ್ಲಿದೆ?” ಎಂದು ಕೇಳಿದೆ. ಅವಳು ಸಮೀಕರಣ ಬರೆದಳು. ಎರಡು ಪರ್ಮಾಂಗನೇಟ್, ಐದು ಆಕ್ಸಾಲಿಕ್. ಐದನ್ನು ಎರಡರಿಂದ ಭಾಗಿಸಿದರೆ ಎರಡೂವರೆ. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಹಳೆಯ ಪುಸ್ತಕಗಳು ನಾರ್ಮಾಲಿಟಿಯಲ್ಲಿ, ಎಂದರೆ ಲೀಟರಿಗೆ ಎಷ್ಟು ತುಲ್ಯಭಾರ ಎಂಬ ಅಳತೆಯಲ್ಲಿ, ಲೆಕ್ಕ ಮಾಡುತ್ತವೆ. ಅಲ್ಲಿ ಈ ಎರಡು-ಐದರ ಅನುಪಾತ ತುಲ್ಯಭಾರದೊಳಗೆ ಮೊದಲೇ ಸೇರಿಹೋಗಿರುವುದರಿಂದ ಎರಡೂ ಬದಿಯನ್ನು ನೇರವಾಗಿ ಸಮ ಮಾಡಬಹುದು. ಸೀನಿಯರ್ ಒಬ್ಬಳ ಟಿಪ್ಪಣಿಯಿಂದ ಆ ಸೂತ್ರವನ್ನು ತಂದು ಮೋಲಾರಿಟಿಗೆ ಅಂಟಿಸಿದ್ದಳು. ಮುಂದಿನ ವಾರ ಅವಳ ಇನ್ನೊಂದು ಉತ್ತರ 1.4 ಪಟ್ಟು ಕಡಿಮೆ ಬಂದಾಗ ನನ್ನನ್ನು ಕೇಳಲೇ ಇಲ್ಲ. 250 ಮಿ.ಲೀ. ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ 1.575 ಗ್ರಾಂ ತೂಗಬೇಕಾದಲ್ಲಿ 1.125 ಎಂದು ಬರೆದಿದ್ದಳು. 126 ಇರಬೇಕಾದ ಅಣುಭಾರವನ್ನು 90 ಎಂದು ಹಿಡಿದು, ಹರಳಿನೊಳಗಿನ ಎರಡು ನೀರಿನ ಅಣುಗಳನ್ನು ಬಿಟ್ಟಿದ್ದಾಳೆಂದು ಅವಳೇ ಕಂಡುಕೊಂಡಳು.

ಈಗ ಸಂಜೆ ಮನೆಯಲ್ಲಿ ಏಳೆಂಟು ಮಕ್ಕಳಿಗೆ ಪಾಠ ಹೇಳುತ್ತೇನೆ. ಪ್ರಶ್ನೆಯ ಫೋಟೊ ತೆಗೆದರೆ ಮೊಬೈಲ್ ಪೂರ್ತಿ ಲೆಕ್ಕವನ್ನು ಬಿಡಿಸಿಕೊಡುವ ಕಾಲ. ನನಗೆ ಅದರ ಮೇಲೆ ಸಿಟ್ಟಿಲ್ಲ. ನಾನು ಗೆಳೆಯನ ಪುಸ್ತಕ ತರಿಸುತ್ತಿದ್ದವನೇ. ಆದರೆ ಮೊದಲು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಮೊಬೈಲ್ ತೆಗೆಯಿರಿ ಎನ್ನುತ್ತೇನೆ. ಒಂದೇ ಉತ್ತರ ಕೈಯಲ್ಲಿದ್ದರೆ ಯಾವುದನ್ನು ಯಾವುದರಿಂದ ಕಳೆಯುವುದು?

ಈ ಉಪಾಯ ಕೈಕೊಡುವ ಜಾಗಗಳೂ ಇವೆ. ಯಂತ್ರದ ರಿಪೇರಿ ಖರ್ಚನ್ನು ಯಂತ್ರದ ಖಾತೆಗೇ ಹಾಕಿದರೆ ತಾಳೆಪಟ್ಟಿ ನಗುನಗುತ್ತ ಕೂಡಿಬರುತ್ತದೆ, ಎರಡೂ ಡೆಬಿಟ್ಟೇ ತಾನೆ. ಲಾಭ ಮಾತ್ರ ಸುಳ್ಳಾಗಿರುತ್ತದೆ. ಅಲ್ಲಿ ವ್ಯತ್ಯಾಸವೇ ಇಲ್ಲ, ಒಂದೊಂದೇ ಸಾಲು ಓದುವುದನ್ನು ಬಿಟ್ಟರೆ ಬೇರೆ ದಾರಿ ನನಗೆ ಸಿಕ್ಕಿಲ್ಲ. ಇನ್ನು ಪುಸ್ತಕದ ಉತ್ತರವೇ ತಪ್ಪಾಗಿದ್ದರೆ? ಒಂದು ಸಂಗತಿಯಿಂದ ಇನ್ನೊಂದನ್ನು ಅಂದಾಜು ಮಾಡುವ ಹಿಂಚಲನೆಯ ಒಂದು ಲೆಕ್ಕಕ್ಕೆ ಎರಡು ರಾತ್ರಿ ಹಾಳು ಮಾಡಿದ್ದೇನೆ. ಪುಸ್ತಕದ ಹಿಂದೆ ಎರಡು ಗುಣಾಂಕಗಳು 1.6 ಮತ್ತು 0.9 ಎಂದು ಅಚ್ಚಾಗಿತ್ತು. ಎರಡನ್ನೂ ಗುಣಿಸಿದರೆ, ಆ ಸಂಗತಿಗಳ ನಂಟನ್ನು ಅಳೆಯುವ ಸಹಸಂಬಂಧ ಗುಣಾಂಕದ ವರ್ಗ ಬರಬೇಕು. ಇಲ್ಲಿ ಬಂದದ್ದು 1.44, ಎಂದರೆ ಸಹಸಂಬಂಧ 1.2. ಅದು ಒಂದನ್ನು ದಾಟುವುದು ಎಂದಿಗೂ ಸಾಧ್ಯವಿಲ್ಲ. ನನಗೆ ಬಂದದ್ದು 0.6 ಮತ್ತು 0.9. ಅಚ್ಚಿನ ಮೊಳೆ ಜೋಡಿಸಿದವನ ತಪ್ಪನ್ನು ನಾನು ಎರಡು ರಾತ್ರಿ ನನ್ನ ತಲೆಯಲ್ಲಿ ಹುಡುಕಿದ್ದೆ.

ಕಳೆದ ತಿಂಗಳು ಪಾಠಕ್ಕೆ ಬರುವ ಹುಡುಗನೊಬ್ಬ ತಾಳೆಪಟ್ಟಿ ತಂದ. ವ್ಯತ್ಯಾಸ 63. ನೋಡಿದ ಕೂಡಲೇ ನನ್ನ ಮುಖ ಅರಳಿತು. ಒಂಬತ್ತೇಳಲೆ ಅರವತ್ತಮೂರು! ಅಂಕಿಗಳು ಅದಲುಬದಲಾಗುವ ಕಥೆಯನ್ನು ಅವನಿಗೆ ಹತ್ತು ನಿಮಿಷ ಹೇಳಿದೆ. ಏಳರ ಅಂತರದ ಜೋಡಿಗಳನ್ನು ಹುಡುಕಿಸಿದೆ. 81 ಎಲ್ಲಿದೆ, 92 ಎಲ್ಲಿದೆ, 70 ಹೋಗಿ 7 ಆಗಿದೆಯೇ. ಅವನು ಪಾಪ, ಬೆರಳಿಟ್ಟು ಒಂದೊಂದೇ ಖಾತೆಯನ್ನು ಮಗುಚುತ್ತಿದ್ದ. ಮುಕ್ಕಾಲು ಗಂಟೆ ಕಳೆಯಿತು. ಒಳಗಿನಿಂದ ಬಂದ ಕಾಫಿ ಆರಿತು.

“ಸರ್” ಎಂದ ಕೊನೆಗೆ, ಅಳುಕುತ್ತ. “ಕಿರ್ದಿಯಲ್ಲಿ ಅಂಚೆ ಖರ್ಚು 63 ರೂಪಾಯಿ ಇದೆ. ಅದನ್ನು ನಾನು ಖಾತೆಗೆ ಹಾಕಿಯೇ ಇಲ್ಲ.”