ಸಿಗೋದು ಮೂರು ನಿಮಿಷ, ನಮಸ್ಕಾರದಲ್ಲೇ ಕಳೆಯಬೇಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ನನ್ನನ್ನು ಬಾಡಿಗೆ ಮನೆ ಬಗ್ಗೆ ಕೇಳುತ್ತಾರೆ, ಕಾರಿನ ಬಗ್ಗೆ ಕೇಳುತ್ತಾರೆ, ರಾಗಿ ಹಿಟ್ಟು ಎಲ್ಲಿ ಸಿಗುತ್ತೆ ಅಂತಂತೂ ಎಲ್ಲರೂ ಕೇಳುತ್ತಾರೆ. ಸಿಟಿ ಕೌನ್ಸಿಲ್ ಬಗ್ಗೆ ಒಬ್ಬರೂ ಕೇಳಿಲ್ಲ. ತಪ್ಪಿಲ್ಲ ಬಿಡಿ, ಬಂದು ಒಂಬತ್ತು ವರ್ಷ ಆಗುವವರೆಗೆ ನಾನೂ ಆ ಕಡೆ ತಲೆ ಹಾಕಿರಲಿಲ್ಲ. ಬೀದಿ ದೀಪ ಕೆಟ್ಟರೆ ಮನೆಯೊಳಗೇ ಬೈದುಕೊಂಡು ಸುಮ್ನೆ ಇರುತ್ತಿದ್ದೆ. ವೀಸಾ ಮೇಲೆ ಬಂದವರಿಗೆ ಇದೆಲ್ಲಾ ಯಾಕೆ ಅಂತ.

ಮೊದಲು ಆ ಭಯ ಬಿಡಿ. ಸಭೆಯಲ್ಲಿ ಮಾತಾಡೋಕೆ ವೋಟು ಬೇಡ, ಪೌರತ್ವವೂ ಬೇಡ. ಇಲ್ಲಿ ಬ್ರೌನ್ ಆಕ್ಟ್ ಅಂತ ಒಂದು ಕಾನೂನಿದೆ, 1953ರದ್ದು. ಸಿಟಿ ಕೌನ್ಸಿಲ್ ಇರಲಿ, ಕೌಂಟಿ ಇರಲಿ, ಶಾಲಾ ಬೋರ್ಡ್ ಇರಲಿ, ಜನರ ಮುಂದೆ ಸಭೆ ಮಾಡಬೇಕು, ಜನ ಮಾತಾಡೋಕೆ ಸಮಯ ಕೊಡಬೇಕು. ತಮ್ಮ ಕೆಲಸವನ್ನು ಟೀಕಿಸಿದರು ಅಂತ ಅವರು ಯಾರ ಮಾತನ್ನೂ ನಿಲ್ಲಿಸುವಂತಿಲ್ಲ. ಹೆಚ್ಚಿನ ಕಡೆ ವಿಡಿಯೋ ಆಗುತ್ತೆ, ಅದೊಂದು ಗೊತ್ತಿರಲಿ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಿರುತ್ತಾರೆ, ನೋಡಿಕೊಳ್ಳಿ, ಮಾತಾಡುತ್ತೀನಿ ಅಂತ ಚೀಟಿ ತುಂಬಿ ಕ್ಲರ್ಕ್ ಕೈಗೆ ಕೊಡಿ, ಕರೆದಾಗ ಎದ್ದು ಹೋಗಿ. ನಮ್ಮ ಸಿಟಿಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಅಷ್ಟೇ.

ಈಗ ನನ್ನ ಎಡವಟ್ಟು ಕೇಳಿ. ಆ ವರ್ಷ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದರು. ದಿನಾ ಬೆಳಗ್ಗೆ ಪಾರ್ಕಿಗೆ ವಾಕಿಂಗ್. ಮಧ್ಯೆ ಒಂದು ದೊಡ್ಡ ರಸ್ತೆ, ಅಮ್ಮ ಅರ್ಧ ದಾಟುವಷ್ಟರಲ್ಲಿ ಸಿಗ್ನಲ್ಲಿನಲ್ಲಿ ದಾಟಬೇಡಿ ಅನ್ನೋ ಕೆಂಪು ಕೈ ಗುರುತು ಬಂದುಬಿಡುತ್ತಿತ್ತು. ಮಂಡಿ ನೋವು ಬೇರೆ. ಇದನ್ನು ಹೇಳಲೇಬೇಕು ಅಂತ ಹೊರಟೆ. ಊರಲ್ಲಿ ಅಪ್ಪ ಮನವಿ ಬರೆಯುತ್ತಿದ್ದ ಹಾಗೇ ಬರೆದುಕೊಂಡು ಹೋದೆ. ಮಾನ್ಯ ಮೇಯರ್ ಅವರೇ, ಮಾನ್ಯ ಸದಸ್ಯರೇ, ಒಬ್ಬೊಬ್ಬರ ಹೆಸರು ಹಿಡಿದು ವಂದನೆ. ನಾನು ಎಲ್ಲಿಯವನು, ಎಷ್ಟು ವರ್ಷದಿಂದ ಇದ್ದೀನಿ, ಎಷ್ಟು ಟ್ಯಾಕ್ಸ್ ಕಟ್ಟುತ್ತೀನಿ. ಸಮಯ ಮುಗೀತಾ ಬಂತು ಅಂತ ಮೈಕಿನ ಹತ್ತಿರ ಹಳದಿ ದೀಪ ಹತ್ತಿತು. ನನಗೆ ಅದೇನು ಅಂತಲೇ ಗೊತ್ತಿಲ್ಲ. ‘ಈಗ ವಿಷಯಕ್ಕೆ ಬರೋಣ’ ಅಂದೆ, ಕೆಂಪು ದೀಪ, ಟಿಣ್ ಅಂತ ಸದ್ದು, ಥ್ಯಾಂಕ್ಯೂ ಅಂದರು, ಮುಗೀತು. ಸಿಗ್ನಲ್ಲಿನ ಸಮಯ ಸಾಲದು ಅಂತ ಹೇಳೋಕೆ ಹೋದವನಿಗೇ ಸಮಯ ಸಾಲಲಿಲ್ಲ.

ಅಷ್ಟಕ್ಕೇ ವಾಪಸ್ ಬರಲಿಲ್ಲ ನಾನು. ಉತ್ತರ ಕೊಡುತ್ತಾರೆ ಅಂತ ಅಲ್ಲೇ ನಿಂತಿದ್ದೆ. ಯಾರೂ ತುಟಿ ಬಿಚ್ಚಲಿಲ್ಲ, ಮುಂದಿನವರ ಹೆಸರು ಕರೆದರು. ನಮ್ಮ ಮೈಬಣ್ಣ ನೋಡಿ ಹೀಗೆ ಮಾಡಿದರು ಅಂತ ಒಂದು ವಾರ ಸಿಕ್ಕವರ ಹತ್ತಿರವೆಲ್ಲ ಕೂಗಾಡಿದೆ. ಆಮೇಲೆ ಗೊತ್ತಾಯಿತು, ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಅವರು ಅಲ್ಲಿ ಚರ್ಚೆ ಮಾಡುವ ಹಾಗೇ ಇಲ್ಲ, ಕಾನೂನೇ ಬಿಡಲ್ಲ. ಹೆಚ್ಚೆಂದರೆ ಒಂದೆರಡು ಮಾತು ಹೇಳಿ, ನೋಡಿ ಅಂತ ಸಿಬ್ಬಂದಿಗೆ ಒಪ್ಪಿಸಬಹುದು. ನನಗೆ ಉತ್ತರ ಕೊಡದಿದ್ದದ್ದು ಎಲ್ಲರಿಗೂ ಕೊಡದಿದ್ದ ಹಾಗೇ. ಆ ಒಂದು ವಾರ ಕೂಗಾಡಿದ್ದು ನೆನೆದರೆ ಈಗಲೂ ನಾಚಿಕೆ ಆಗುತ್ತೆ.

ಇನ್ನೊಂದು ಸಲ ಅಜೆಂಡಾದಲ್ಲೇ ಇದ್ದ ಪಾರ್ಕಿನ ವಿಷಯಕ್ಕೆ ಹೋಗಿದ್ದೆ. ಅದು ‘ಕನ್ಸೆಂಟ್ ಕ್ಯಾಲೆಂಡರ್’ ಅನ್ನೋದರಲ್ಲಿತ್ತು. ಅಂದರೆ ತಕರಾರಿಲ್ಲದ ಹತ್ತಿಪ್ಪತ್ತು ವಿಷಯ ಸೇರಿಸಿ ಒಂದೇ ಏಟಿಗೆ ಪಾಸು. ನಾನು ಕಾರು ನಿಲ್ಲಿಸೋಕೆ ಜಾಗ ಹುಡುಕಿ ಒಳಗೆ ಬರುವಷ್ಟರಲ್ಲಿ ಆಗಿಹೋಗಿತ್ತು. ಅದಕ್ಕೇ ಹೇಳೋದು, ಬೇಗ ಹೋಗಿ.

ನಮಗೆ ಈ ಪದ್ಧತಿ ಹೊಂದಿಕೊಳ್ಳೋದು ಕಷ್ಟ ಯಾಕೆ ಅಂದರೆ ನಾವು ನೋಡಿದ್ದೇ ಬೇರೆ. ನಗರಸಭೆ ಅಂದರೆ ಒಳಗೆ ಸದಸ್ಯರ ಜಗಳ, ನಾವು ಹೊರಗೆ ನಿಂತು ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳೋದು. ಗ್ರಾಮ ಸಭೆ ಮಾತ್ರ ನಮ್ಮದು. ಆರು ತಿಂಗಳಿಗೊಂದಾದರೂ ಮಾಡಬೇಕು ಅಂತ ಕಾನೂನಿದೆ, ಎಷ್ಟು ಕಡೆ ಸರಿಯಾಗಿ ಮಾಡುತ್ತಾರೋ ಅದು ಬೇರೆ ಮಾತು. ನಮ್ಮೂರು ಮುಳಬಾಗಿಲು ತಾಲ್ಲೂಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ಧೂಳು ಬರುತ್ತಿದ್ದ ಕಾಲದಲ್ಲಿ ನಮ್ಮಮ್ಮ ಗ್ರಾಮ ಸಭೆಗೆ ಖಾಲಿ ಕೊಡ ತಂದು ಪಂಚಾಯ್ತಿ ಅಧಿಕಾರಿ ಪಿಡಿಒ ಮೇಜಿನ ಮೇಲೆ ಕುಕ್ಕಿದ್ದರು. ಕೆಂಪು ದೀಪ ಇಲ್ಲ, ಚೀಟಿ ಇಲ್ಲ. ಕೂಗಿದರೆ ಅಲ್ಲೇ ಯಾರಾದರೂ ತಿರುಗಿ ಕೂಗುತ್ತಿದ್ದರು. ನೀರು ಬರುತ್ತಿತ್ತು ಅಂತಲ್ಲ, ಮಾತಿಗೆ ಮಾತು ಅಂತೂ ಬರುತ್ತಿತ್ತು. ಇಲ್ಲಿ ಮಾತಾಡಿ ಕೂತ ಮೇಲೆ ಆ ತಣ್ಣಗಿನ ಮೌನ ಇದೆಯಲ್ಲ, ಅದು ನನಗೆ ಇವತ್ತಿಗೂ ಅಭ್ಯಾಸ ಆಗಿಲ್ಲ.

ಮೂರನೇ ಸಲ ಅಮ್ಮನನ್ನೇ ಕರೆದುಕೊಂಡು ಹೋದೆ. ಇದು ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರಲ್ಲ, ದುಭಾಷಿ ಇಟ್ಟುಕೊಂಡು ಮಾತಾಡುವವರಿಗೆ ದುಪ್ಪಟ್ಟು ಸಮಯ ಕೊಡಬೇಕು ಅಂತ 2016ರಲ್ಲಿ ಕಾನೂನು ಮಾಡಿದ್ದಾರೆ. ಅಮ್ಮನಿಗೆ ಆರು ನಿಮಿಷ. ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಮೈಕಿನ ಮುಂದೆ ನಿಂತು, ಒಂದು ನಮಸ್ಕಾರ ಕೂಡ ಇಲ್ಲದೆ ನೇರವಾಗಿ, ‘ಈ ಸಿಗ್ನಲ್ ಇಟ್ಟೋನಿಗೆ ಅಮ್ಮ ಇಲ್ವಾ?’ ಅಂತ ಶುರು ಮಾಡಿದರು. ನಾನು ಬೆವೆತುಹೋದೆ. ‘ವಯಸ್ಸಾದವರಿಗೆ ಸ್ವಲ್ಪ ಹೆಚ್ಚು ಸಮಯ ಸಿಕ್ಕರೆ ಉಪಕಾರವಾಗುತ್ತೆ’ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ, ‘ಬೈದಿದ್ದನ್ನ ಹಂಗೇ ಹೇಳಿದ್ಯೇನೋ?’ ಅಂದರು. ಹೇಳಿದೆ ಅಂದೆ. ಹಿಂದಿನ ಸೀಟಿನಿಂದ ಮಗಳು, ‘ಇಲ್ಲ ಅಜ್ಜಿ, ಸುಳ್ಳು’ ಅಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಅಪ್ಪನನ್ನು ಹಿಡಿದುಕೊಡೋಕೆ ಮಾತ್ರ ಕನ್ನಡ ಬಂತು.

ಸಭೆ ಆದ ಮೇಲೆ ಬಾಗಿಲ ಹತ್ತಿರ ಒಬ್ಬ ಎಂಜಿನಿಯರ್ ಸಿಕ್ಕಿದ್ದರು. ಜನ ಸೆಕೆಂಡಿಗೆ 3.5 ಅಡಿ ನಡೆಯುತ್ತಾರೆ ಅಂತ ಸಿಗ್ನಲ್ ಲೆಕ್ಕ ಹಾಕೋದಂತೆ, ನಿಧಾನ ನಡೆಯುವವರು ಹೆಚ್ಚಿದ್ದ ಕಡೆ ಆ ವೇಗದ ಲೆಕ್ಕವನ್ನು ಇಳಿಸಬಹುದಂತೆ, ಆಗ ದಾಟೋಕೆ ಹೆಚ್ಚು ಸಮಯ ಸಿಗುತ್ತಂತೆ. ಅವರ ಇಮೇಲ್ ಇಸ್ಕೊಂಡೆ. ನಿಜವಾದ ಕೆಲಸ ಆಗಿದ್ದು ಅಲ್ಲಿಂದಲೇ. ನೀವೂ ಮಾತಾಡಿ ಮುಗಿಸಿ ಮನೆಗೆ ಓಡಬೇಡಿ, ಆ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿರಿ.

ಸಿಗ್ನಲ್‌ಗೆ ಕೆಲವು ಸೆಕೆಂಡು ಸೇರಿಸುವ ಹೊತ್ತಿಗೆ ಅಮ್ಮ ಊರಿಗೆ ಹೋಗಿಯಾಗಿತ್ತು. ನಾನು ರಸ್ತೆ ದಾಟುತ್ತಾ ವಿಡಿಯೋ ಮಾಡಿ ಕಳಿಸಿದೆ. ಅಮ್ಮ ನೋಡಿ ಫೋನ್ ಮಾಡಿದರು. ‘ಚೆನ್ನಾಗೈತೆ. ಇಲ್ಲಿ ನಮ್ಮೂರ ಗೇಟಲ್ಲಿ ಹೈವೇ ದಾಟೋಕೆ ಯಾರನ್ನ ಕೇಳ್ಬೇಕೋ?’ ಪಂಚಾಯ್ತೀಲಿ ಕೇಳಮ್ಮ ಅಂದೆ. ‘ಕೇಳ್ದೆ ಕಣೋ. ಹೈವೇ ನಮ್ದಲ್ಲ ಅಂದ್ರು.’