ಬೇವಿನ ತಪ್ಪಲಿನ ಎಣ್ಣೆಗೆ ಬೂಷ್ಟು: ಕಡೆಗೆ ನಿಂತದ್ದು ಹೀಗೆ

ಧಾರವಾಡದ ಮಳೆಗಾಲದಲ್ಲಿ ಚರ್ಮಕ್ಕೆ ಹಚ್ಚಲು ಎಳ್ಳೆಣ್ಣೆಯಲ್ಲಿ ಬೇವಿನ ತಪ್ಪಲು ನೆನೆಸಿದರೆ ವಾರದೊಳಗೆ ಹುಳಿ ವಾಸನೆ. ಬಾಟ್ಲಿಯ ತಳದಲ್ಲಿ ಮಬ್ಬು, ಮೇಲೆ ತೇಲುವ ಎಲೆಗೆ ಬಿಳಿ ಬೂಷ್ಟು.

ಎರಡು ಸಲ ಸೋಸಿದೆ, ಫ್ರಿಜ್‌ನಲ್ಲಿಟ್ಟೆ, ಆಗಲಿಲ್ಲ. ವಿಟಮಿನ್ ಇ ಹಾಕಿದರೂ ಅಷ್ಟೇ. ಅದು ಎಣ್ಣೆ ಕಮಟಾಗುವುದನ್ನು ತಡಮಾಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ.

ಮೂಲ ತೇವಾಂಶ. ನೆರಳಲ್ಲಿ ಒಣಗಿದ ಎಲೆ ಮುಟ್ಟಿದರೆ ಗರಿಗರಿ, ಆದರೆ ನಡುದಂಟು ಬಾಗುತ್ತಿತ್ತು. ದಂಟು ಬಾಗದೆ ಪಟ್ಟನೆ ಮುರಿಯಬೇಕು. ಅಲ್ಲಿಯವರೆಗೆ ಎಣ್ಣೆಗೆ ಹಾಕಲೇಬೇಡಿ. ನಂತರ 50 ಗ್ರಾಂ ಒಣ ಎಲೆ ಪುಡಿಮಾಡಿ 500 ಮಿ.ಲೀ. ಎಣ್ಣೆಗೆ ಹಾಕಿ, ಪಾತ್ರೆಯನ್ನು ಬಿಸಿನೀರಿನೊಳಗಿಟ್ಟು 3 ತಾಸು ಕಾಯಿಸಿ. ಥರ್ಮಾಮೀಟರ್ ಎಣ್ಣೆಯಲ್ಲೇ ಇರಲಿ, ಶಾಖ 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, 60 ದಾಟಬಾರದು. ಮುಚ್ಚಳ ಮಾತ್ರ ಬೇಡ, ಅದರಡಿ ಕೂಡಿದ ಹನಿ ಮತ್ತೆ ಎಣ್ಣೆಗೇ ಬೀಳುತ್ತದೆ. ತೆಳು ಅರಿವೆ ಕಟ್ಟಿ, ಹೊರಗಿನ ನೀರು ಕುದಿಯದಂತೆ ನೋಡಿಕೊಳ್ಳಿ.

ಆರಿದ ಮೇಲೆ ಸೋಸಿ, ಹಿಂಡಬೇಡಿ. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟು, ತಿಳಿಯನ್ನಷ್ಟೇ ಪೂರ್ತಿ ಒಣಗಿದ ಕಪ್ಪು ಬಾಟ್ಲಿಗೆ ಬಗ್ಗಿಸಿ. ತಳದ ಮಬ್ಬು ಎಷ್ಟಿದ್ದರೂ ಚೆಲ್ಲಿ. ವಿಟಮಿನ್ ಇ ಹಾಕುವುದಿದ್ದರೆ ಈಗ.